ಸ್ವಂತ ಡೆಂಟಲ್ ಕ್ಲಿನಿಕ್ ಹಾಕುವವರು ವ್ಯವಹಾರ ಎಲ್ಲಿ ಕಲಿಯಬೇಕು, ಮೊದಲು ಏನು ಕಲಿಯಬೇಕು?

ಸೇಡಂ ಡೆಂಟಿಸ್ಟ್
ಎಲ್ಲರಿಗೂ ನಮಸ್ಕಾರ. ನಾನು ದಂತವೈದ್ಯಕೀಯ ಪದವಿ (ಬಿಡಿಎಸ್) ಮುಗಿಸಿ ಕಲಬುರಗಿಯ ಒಂದು ಕ್ಲಿನಿಕ್‌ನಲ್ಲಿ ಅಸೋಸಿಯೇಟ್ ಆಗಿ ಕೆಲಸ ಮಾಡುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ಸೇಡಂನಲ್ಲಿ ಸ್ವಂತ ಕ್ಲಿನಿಕ್ ತೆರೆಯಬೇಕು ಅಂತಿದ್ದೇನೆ. ಬಸ್ ಸ್ಟ್ಯಾಂಡ್‌ಗೆ ಹತ್ತಿರ ಜಾಗ ಸಿಕ್ಕಿದೆ. ಹಲ್ಲು ಕೀಳುವುದು, ರೂಟ್ ಕೆನಾಲ್, ಕ್ಯಾಪ್, ಹಲ್ಲಿನ ಸೆಟ್, ಈ ಕೆಲಸಗಳ ಬಗ್ಗೆ ನನಗೆ ಧೈರ್ಯ ಇದೆ.

ದುಡ್ಡಿನ ಕಡೆ ಮಾತ್ರ ಧೈರ್ಯ ಇಲ್ಲ. ಒಂದು ರೂಟ್ ಕೆನಾಲ್‌ಗೆ ಎಷ್ಟು ತಗೋಬೇಕು ಅಂದರೆ "ಪಕ್ಕದವರು ಎಷ್ಟು ತಗೊಳ್ತಾರೆ ನೋಡು" ಅಂತ ಎಲ್ಲರೂ ಹೇಳುತ್ತಾರೆ. ಪಕ್ಕದವರ ಬಾಡಿಗೆ ಬೇರೆ, ಸಾಲ ಬೇರೆ, ಅಲ್ವಾ? ಸಿಬ್ಬಂದಿ ಸಂಬಳ, ಕ್ಯಾಪ್ ಮತ್ತು ಸೆಟ್ ಮಾಡಿಕೊಡುವ ಲ್ಯಾಬ್‌ನ ಬಿಲ್, ತೆರಿಗೆ, ಉದ್ರಿ, ಇದನ್ನೆಲ್ಲ ಹೇಗೆ ನಿಭಾಯಿಸಬೇಕು ಅಂತ ಐದು ವರ್ಷದಲ್ಲಿ ಕೈ ಹಿಡಿದು ಯಾರೂ ಕಲಿಸಲಿಲ್ಲ.

ಈಗ ಬೆಂಗಳೂರು, ಹೈದರಾಬಾದ್ ಕಡೆಯಿಂದ ವಾರಾಂತ್ಯದ ಕೋರ್ಸ್‌ಗಳ ಮೆಸೇಜ್ ಬರುತ್ತಲೇ ಇವೆ. ಡೆಂಟಿಸ್ಟ್‌ಗಳಿಗೆ ಬಿಸಿನೆಸ್ ಕಲಿಸುತ್ತೇವೆ ಅಂತಾರೆ. ಫೀಸ್ ಜಾಸ್ತಿ. ಆ ದುಡ್ಡಿನಲ್ಲಿ ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಒಳ್ಳೆಯ ಆಟೋಕ್ಲೇವ್‌ಗೆ ಅರ್ಧ ಆಗುತ್ತದೆ. ಸೇರಬೇಕಾ? ದೂರಶಿಕ್ಷಣದಲ್ಲಿ ಎಂಬಿಎ ಮಾಡಬೇಕಾ? ಅಥವಾ ಇಲ್ಲೇ ಕಲಿಯುವ ದಾರಿ ಇದೆಯಾ? ಕಲಬುರಗಿ, ಬೀದರ್, ಯಾದಗಿರಿ ಕಡೆ ಕ್ಲಿನಿಕ್ ನಡೆಸುತ್ತಿರುವವರು ದಯವಿಟ್ಟು ಹೇಳಿ.

ಗಂಜ್ ಹಲ್ಲಿನ ಡಾಕ್ಟರ್
ತಂಗಿ, ಒಳ್ಳೆಯ ಸಮಯಕ್ಕೆ ಕೇಳಿದಿರಿ. ಪೇಷಂಟ್ ಕೂರುವ ಡೆಂಟಲ್ ಚೇರ್ ಬುಕ್ ಮಾಡುವ ಮೊದಲೇ ಈ ಪ್ರಶ್ನೆ ಬರಬೇಕು.

ಎಲ್ಲಕ್ಕಿಂತ ಮೊದಲು ಒಂದೇ ಒಂದು ಲೆಕ್ಕ ಕಲಿಯಿರಿ. ನಿಮ್ಮ ಚೇರ್‌ನ ಒಂದು ಗಂಟೆಗೆ ಎಷ್ಟು ಖರ್ಚು ಬೀಳುತ್ತದೆ? ಇದು ಗೊತ್ತಾದರೆ ಉಳಿದದ್ದು ಅರ್ಧ ಗೊತ್ತಾದ ಹಾಗೆ. ಉದಾಹರಣೆಗೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ತಿಳಿಯಲಿ ಅಂತ ಇಟ್ಟವು, ನಿಮ್ಮವು ಬೇರೆ ಇರುತ್ತವೆ.

ತಿಂಗಳಿಗೆ ಬಾಡಿಗೆ 12,000. ಇಬ್ಬರು ಸಿಬ್ಬಂದಿ 22,000. ಕರೆಂಟ್, ನೀರು, ಇಂಟರ್ನೆಟ್ 5,000. ಸಾಲದ ಕಂತು 18,000. ರಿಪೇರಿ, ತ್ಯಾಜ್ಯ ಒಯ್ಯುವವರ ಬಿಲ್, ಸಣ್ಣಪುಟ್ಟದ್ದು 5,000. ಇಲ್ಲಿಗೆ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಡಾಕ್ಟರ್ ಸಂಬಳ ಎಲ್ಲಿ? ನೀವು ಬೇರೆಯವರ ಕ್ಲಿನಿಕ್‌ನಲ್ಲಿ ದುಡಿದರೆ ಸಂಬಳ ಬರುತ್ತದೆ, ನಿಮ್ಮದೇ ಕ್ಲಿನಿಕ್‌ನಲ್ಲಿ ಯಾಕೆ ಬೇಡ? ಅದಕ್ಕೆ 40,000 ಇಡಿ. ಒಟ್ಟು 1,02,000.

ಈಗ ಗಂಟೆ ಎಣಿಸಿ. ತಿಂಗಳಿಗೆ 25 ದಿನ, ದಿನಕ್ಕೆ 7 ಗಂಟೆ ಬಾಗಿಲು ತೆರೆದರೆ 175 ಗಂಟೆ. ಆದರೆ ಬಾಗಿಲು ತೆರೆದಿದ್ದೆಲ್ಲ ಚೇರ್ ತುಂಬಿದ್ದು ಅಲ್ಲ. ದಿನಕ್ಕೆ 4 ಗಂಟೆ ನಿಜವಾಗಿ ಕೆಲಸ ನಡೆದರೆ 100 ಗಂಟೆ. ಅಂದರೆ ಕೆಲಸ ನಡೆಯುವ ಪ್ರತಿ ಗಂಟೆಗೆ 1,020 ರೂಪಾಯಿ ಖರ್ಚು. ಇದು ಔಷಧ, ಹಲ್ಲಿನ ಬೇರು ಶುಚಿ ಮಾಡುವ ಸೂಜಿಯಂಥ ಫೈಲ್, ಸಿಮೆಂಟ್ ಎಲ್ಲ ಬಿಟ್ಟು.

ಹಿಂದಿನ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಎರಡು ಸಿಟ್ಟಿಂಗ್ ಸೇರಿ 2 ಗಂಟೆ ಹಿಡಿಯಿತು ಅನ್ನಿ. ಚೇರ್ ಖರ್ಚು 2,040. ಅರಿವಳಿಕೆ, ರೋಟರಿ ಫೈಲ್, ಬೇರಿನೊಳಗೆ ತುಂಬುವ ಗಟ್ಟಾ ಪರ್ಚಾ, ಎಕ್ಸ್‌ರೇ ಎಲ್ಲ ಸೇರಿ 600 ಅಂತಿಟ್ಟುಕೊಳ್ಳಿ. 2,640 ಆಯಿತು. ಪಕ್ಕದವರು ತಗೊಳ್ಳುತ್ತಾರೆ ಅಂತ ನೀವೂ 2,500 ಬರೆದರೆ ಪ್ರತಿ ಹಲ್ಲಿಗೂ ಕೈಯಿಂದ ಕೊಟ್ಟು ಕಳಿಸಿದ ಹಾಗೆ. ಪಕ್ಕದವರದು ಸ್ವಂತ ಕಟ್ಟಡ ಇರಬಹುದು, ಸಾಲ ತೀರಿರಬಹುದು. ಅವರಿಗೆ 2,500ರಲ್ಲಿ ಉಳಿಯುತ್ತದೆ, ನಿಮಗೆ ಉಳಿಯುವುದಿಲ್ಲ.

ಇನ್ನೊಂದು ನೋಡಿ. ಅದೇ ಕ್ಲಿನಿಕ್‌ನಲ್ಲಿ 100 ಗಂಟೆ ಬದಲು 130 ಗಂಟೆ ಚೇರ್ ತುಂಬಿದರೆ ಗಂಟೆಯ ಖರ್ಚು 785ಕ್ಕೆ ಇಳಿಯುತ್ತದೆ. ರೇಟ್ ಏರಿಸದೆ ಉಳಿತಾಯ ಬಂತು. ಅದಕ್ಕೇ ಹೇಳಿದ ಹೊತ್ತಿಗೆ ಪೇಷಂಟ್ ಬರುವ ಹಾಗೆ ನೋಡಿಕೊಳ್ಳುವುದು ರೇಟ್ ಏರಿಸುವುದಕ್ಕಿಂತ ದೊಡ್ಡದು. ಹಿಂದಿನ ದಿನ ಸಂಜೆ ಫೋನ್ ಮಾಡಿ ನೆನಪಿಸುವುದು ಇದ್ದದ್ದರಲ್ಲೇ ಅಗ್ಗದ ಉಪಾಯ.

ಮೊದಲು ನೋಟ್‌ಬುಕ್ ತಗೊಂಡು ಇಷ್ಟು ಬರೆಯಿರಿ. ಕೋರ್ಸ್ ವಿಚಾರ ಆಮೇಲೆ ಮಾತಾಡೋಣ.

ಇಂಟರ್ನ್ ಕಲಬುರಗಿ
ಸರ್, ಇಷ್ಟು ಸರಳವಾಗಿ ನಮಗೆ ಯಾರೂ ಹೇಳಿಲ್ಲ. ಇದು ಸಿಲಬಸ್‌ನಲ್ಲೇ ಇಲ್ವಾ?

ನಿವೃತ್ತ ಮೇಷ್ಟ್ರು (ಸಾರ್ವಜನಿಕ ದಂತ ಆರೋಗ್ಯ)
ಇದೆ ತಮ್ಮಾ. ಡೆಂಟಲ್ ಕೌನ್ಸಿಲ್ 2007ರಲ್ಲಿ ಪರಿಷ್ಕರಿಸಿದ ಬಿಡಿಎಸ್ ಪಠ್ಯಕ್ರಮ ತೆಗೆದು ನೋಡು. ನಮ್ಮ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ವಿಷಯದಲ್ಲೇ ಪ್ರಾಕ್ಟೀಸ್ ಮ್ಯಾನೇಜ್‌ಮೆಂಟ್ ಅಂತ ಒಂದು ಭಾಗ ಇದೆ. ಜಾಗ ಆರಿಸುವುದು, ಕಟ್ಟಡದ ವಿನ್ಯಾಸ, ಉಪಕರಣ ಆರಿಸುವುದು, ದಾಖಲೆ ಮತ್ತು ಲೆಕ್ಕ ಇಡುವುದು, ಎಲ್ಲ ಬರೆದಿದೆ. ಆದರೆ ಪರೀಕ್ಷೆಯಲ್ಲಿ ಹಲ್ಲಿನ ರೋಗ ಅಳೆಯುವ ಸೂಚ್ಯಂಕಗಳು, ಫ್ಲೋರೈಡ್, ಸಮೀಕ್ಷೆ ಬರುತ್ತವೆ. ಇದು ಸಣ್ಣ ಪ್ರಶ್ನೆಯಾಗಿ ಉಳಿದುಬಿಡುತ್ತದೆ. ಮಕ್ಕಳು ನಾಲ್ಕು ಸಾಲು ಬಾಯಿಪಾಠ ಮಾಡಿ ಬರೆದು ಬರುತ್ತಾರೆ.

ಹಾಗಂತ ವ್ಯವಹಾರದ ಪಾಠವೇ ಮುಖ್ಯ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮದು ರೋಗಿಯ ಸೇವೆ. ಗಂಟೆಗೆ ಇಷ್ಟು ಬರಲೇಬೇಕು ಅಂತ ಲೆಕ್ಕ ತಲೆಯಲ್ಲಿ ಕೂತರೆ, ಸಿಮೆಂಟ್ ತುಂಬಿದರೆ ಸಾಕಾಗುವ ಹಲ್ಲಿಗೂ ರೂಟ್ ಕೆನಾಲ್ ಹೇಳುವ ಮನಸ್ಸು ಬರುತ್ತದೆ. ಆ ವಾರಾಂತ್ಯದ ಕೋರ್ಸ್‌ಗಳಲ್ಲಿ ಪೇಷಂಟ್ ಬಾಯಿಂದ ಹೌದು ಅನ್ನಿಸುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಬೀದರ್ ಎಂಡಿಎಸ್
ಮೇಷ್ಟ್ರೇ, ನಿಮ್ಮ ಕಳವಳ ನ್ಯಾಯವಾದದ್ದು. ಆದರೆ ನಾನು ಕಂಡದ್ದು ಇದರ ಉಲ್ಟಾ. ಅನೇಕ ಕ್ಲಿನಿಕ್‌ಗಳಿಗೆ ವಿಸಿಟಿಂಗ್ ಹೋಗುತ್ತೇನೆ. ಬೇಡದ ಕೆಲಸ ಹೇಳುವವರು ಹೆಚ್ಚಾಗಿ ಲೆಕ್ಕ ಇಲ್ಲದವರು. ತಿಂಗಳ ಕೊನೆಗೆ ಕಂತು ಕಟ್ಟಲು ದುಡ್ಡಿಲ್ಲ, ಯಾಕಿಲ್ಲ ಅಂತ ಗೊತ್ತಿಲ್ಲ. ಆಗ ಎದುರು ಕೂತ ಪೇಷಂಟ್ ಮೇಲೆ ಭಾರ ಬೀಳುತ್ತದೆ. ಇಲ್ಲ, ಕಾಣದ ಕಡೆ ಉಳಿಸುತ್ತಾರೆ. ಬಳಸಿದ ಫೈಲ್ ಇನ್ನೊಮ್ಮೆ ಓಡಿಸುವುದು, ಆಟೋಕ್ಲೇವ್‌ನ ಒಂದು ಸುತ್ತು ಕಡಿಮೆ ಮಾಡುವುದು, ಶುದ್ಧ ಮಾಡಿದ ಉಪಕರಣ ಇಡುವ ಪೌಚ್ ಬಿಡುವುದು. ಪೇಷಂಟ್‌ಗೆ ಅದು ಗೊತ್ತೇ ಆಗುವುದಿಲ್ಲ. ತನ್ನ ಖರ್ಚು ತಿಳಿದವನು ಸ್ಟೆರಿಲೈಸೇಶನ್ ಖರ್ಚನ್ನೂ ರೇಟ್‌ನಲ್ಲಿ ಸೇರಿಸಿ ನೆಮ್ಮದಿಯಾಗಿ ಕೆಲಸ ಮಾಡುತ್ತಾನೆ.

ಇನ್ನು ಕಮಿಷನ್ ವಿಚಾರ. ಹೊಸದಾಗಿ ಕ್ಲಿನಿಕ್ ತೆರೆದವರ ಹತ್ತಿರ "ಪೇಷಂಟ್ ಕಳಿಸ್ತೀವಿ, ನಮ್ಮದು ನೋಡ್ಕೊಳ್ಳಿ" ಅಂತ ಬರುವವರು ಇರುತ್ತಾರೆ. 2014ರ ದಂತವೈದ್ಯರ ನೀತಿ ಸಂಹಿತೆ ಪ್ರಕಾರ ಪೇಷಂಟ್ ಕಳಿಸಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು. ನೀತಿ ಬಿಡಿ, ಲೆಕ್ಕದಲ್ಲೂ ಅದು ನಿಲ್ಲುವುದಿಲ್ಲ. ಒಮ್ಮೆ ಶುರು ಮಾಡಿದರೆ ಆ ದುಡ್ಡು ಪೇಷಂಟ್ ಬಿಲ್‌ಗೇ ಸೇರುತ್ತದೆ.

ವಿಸಿಟಿಂಗ್ ಡಾಕ್ಟರ್ ಪಾಲಿನ ಬಗ್ಗೆಯೂ ಮೊದಲೇ ಬರೆದಿಟ್ಟುಕೊಳ್ಳಿ. ಟ್ರೀಟ್‌ಮೆಂಟ್ 8,000, ಅದರಲ್ಲಿ ಲ್ಯಾಬ್ ಬಿಲ್ 2,000 ಅನ್ನಿ. ಶೇ. 40 ಪಾಲು ಅಂತ ಮಾತಾದರೆ, ಒಟ್ಟಿನ ಮೇಲೆ 3,200, ಲ್ಯಾಬ್ ಕಳೆದು 2,400. ಇಬ್ಬರೂ ಒಳ್ಳೆಯವರೇ, ಆದರೂ ಈ 800ಕ್ಕೆ ಸ್ನೇಹ ಕೆಟ್ಟಿದ್ದನ್ನು ನೋಡಿದ್ದೇನೆ.

ನಿವೃತ್ತ ಮೇಷ್ಟ್ರು (ಸಾರ್ವಜನಿಕ ದಂತ ಆರೋಗ್ಯ)
ಸ್ಟೆರಿಲೈಸೇಶನ್ ಖರ್ಚಿನ ಮಾತು ಒಪ್ಪಿದೆ. ಲೆಕ್ಕ ಗೊತ್ತಿಲ್ಲದೆ ಒದ್ದಾಡುವುದರಿಂದ ರೋಗಿಗೇ ಅಪಾಯ ಅನ್ನುವುದನ್ನು ನಾನು ಈ ಕಡೆಯಿಂದ ನೋಡಿರಲಿಲ್ಲ. ಮಾರುವ ಮಾತಿನ ಪಾಠ ಬೇಡ ಅನ್ನುವುದರಲ್ಲಿ ಮಾತ್ರ ನಾನು ಗಟ್ಟಿ.

ಲೆಕ್ಕಪತ್ರ ಕೋರ್ಟ್ ರಸ್ತೆ
ನಾನು ಡೆಂಟಿಸ್ಟ್ ಅಲ್ಲ, ಲೆಕ್ಕ ಬರೆಯುವವನು. ಕಲಬುರಗಿಯ ಕೆಲವು ಕ್ಲಿನಿಕ್‌ಗಳ ಪುಸ್ತಕ ನೋಡುತ್ತೇನೆ. ಸೇಡಂ ಮೇಡಂಗೆ ಕೆಲವು ಮಾತು.

ಕ್ಲಿನಿಕ್ ಶುರುವಾಗುವ ಮೊದಲೇ ಬೇರೆ ಬ್ಯಾಂಕ್ ಖಾತೆ ತೆಗೆಯಿರಿ. ಕ್ಲಿನಿಕ್ ದುಡ್ಡೆಲ್ಲ ಅದಕ್ಕೇ. ತಿಂಗಳಿಗೊಮ್ಮೆ ನಿಮ್ಮ ಸಂಬಳ ಅಂತ ಗೊತ್ತು ಮಾಡಿದ ಮೊತ್ತ ಮನೆ ಖಾತೆಗೆ ಹೋಗಲಿ. ಸಂಜೆ ಗಲ್ಲಾದಿಂದ ತರಕಾರಿಗೆ, ಪೆಟ್ರೋಲ್‌ಗೆ ತೆಗೆಯುವುದು ಶುರುವಾದರೆ ಯಾವ ಲೆಕ್ಕವೂ ಕೂಡುವುದಿಲ್ಲ.

ಗಂಜ್ ಡಾಕ್ಟರ್ ಸಾಹೇಬರ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಕೈಯಲ್ಲಿ ದುಡ್ಡು ಸಾಲುತ್ತದಾ ಅಂತ ನೋಡಲು ಪೂರ್ತಿ ಕಂತು ಹಿಡಿಯುವುದು ಸರಿ. ಲಾಭ ಎಷ್ಟು ಅಂತ ನೋಡುವಾಗ ಕಂತಿನ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಅದರ ಬದಲು ಯಂತ್ರದ ಸವಕಳಿ ಹಿಡಿಯಬೇಕು. 8 ಲಕ್ಷದ ಉಪಕರಣ ಹತ್ತು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 6,700. ಸಾಲ ತೀರಿದ ಮೇಲೂ ಅಷ್ಟು ದುಡ್ಡು ಪಕ್ಕಕ್ಕಿಡಿ. ಕಂಪ್ರೆಸರ್ ಕೈಕೊಟ್ಟ ದಿನ ಮತ್ತೆ ಸಾಲಕ್ಕೆ ಓಡಬೇಕಿಲ್ಲ.

ತೆರಿಗೆಯಲ್ಲಿ ವೃತ್ತಿಪರರಿಗೆ ಅಂದಾಜು ಆದಾಯದ ಪದ್ಧತಿ ಇದೆ. 1961ರ ಕಾಯ್ದೆಯಲ್ಲಿ 44ಎಡಿಎ ಅಂತ ಇದ್ದದ್ದು. ವರ್ಷದ ಒಟ್ಟು ವಸೂಲಿ 50 ಲಕ್ಷದೊಳಗಿದ್ದರೆ, ನಗದು ಶೇ. 5 ಮೀರದಿದ್ದರೆ 75 ಲಕ್ಷದವರೆಗೂ, ಅರ್ಧವನ್ನು ಆದಾಯ ಅಂತ ತೋರಿಸಬಹುದು. ಸುಲಭ ಹೌದು. ಆದರೆ ಹೊಸ ಕ್ಲಿನಿಕ್‌ನಲ್ಲಿ ನಿಜವಾದ ಲಾಭ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಕಡಿಮೆ ತೋರಿಸಬೇಕಾದರೆ, ಆದಾಯ ತೆರಿಗೆ ಮಿತಿ ದಾಟಿದ್ದರೆ, ಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ಯಾವುದು ಅನುಕೂಲ ಅಂತ ಮೊದಲ ವರ್ಷವೇ ನಿಮ್ಮ ಆಡಿಟರ್ ಜೊತೆ ಕೂತು ನೋಡಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳಬೇಡಿ. ಪೂರ್ತಿ ಬಾಯಿಗೆ ಇಂಪ್ಲಾಂಟ್ ಹಾಕುವ ಕಡೆ ಈ ಪ್ರಶ್ನೆ ಬರುತ್ತದೆ.

ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಕಾರಣಕ್ಕೆ ಚೇರ್, ಎಕ್ಸ್‌ರೇ ಯಂತ್ರದ ಮೇಲೆ ನೀವು ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಕೊಟೇಶನ್ ನೋಡುವಾಗ ತೆರಿಗೆ ಸೇರಿಸಿದ ಬೆಲೆಯನ್ನೇ ನೋಡಿ.

ಶಹಾಪುರ ಜೋಡಿ ಕ್ಲಿನಿಕ್
ನಾವು ಗಂಡ ಹೆಂಡತಿ ಇಬ್ಬರೂ ಡೆಂಟಿಸ್ಟ್‌ಗಳು, ಶಹಾಪುರದಲ್ಲಿ ಕ್ಲಿನಿಕ್ ಇದೆ. ಬೆಂಗಳೂರಿನ ಕೋರ್ಸ್‌ಗಳಲ್ಲಿ ಹೇಳದ ವಿಷಯ ಒಂದಿದೆ. ನಮ್ಮ ಕಡೆ ಪೇಷಂಟ್ ಕೈಗೆ ರೊಕ್ಕ ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ರಾಶಿ ಆದ ಮೇಲೆ ಬರುತ್ತದೆ.

ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ. ಹತ್ತಿ ಬಿಡಿಸಿ ಮಾರುವುದೂ ಹೆಚ್ಚು ಕಡಿಮೆ ಅದೇ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಹಲ್ಲಿನ ಸೆಟ್, ಕ್ಯಾಪ್, ದೊಡ್ಡ ಕೆಲಸಗಳು ಬರುತ್ತವೆ. ಜೂನ್, ಜುಲೈನಲ್ಲಿ ಬೀಜ, ಗೊಬ್ಬರಕ್ಕೆ ದುಡ್ಡು ಹೋಗುತ್ತದೆ. ಆಗ ನೋವು ಇದ್ದವರು ಮಾತ್ರ ಬರುತ್ತಾರೆ, "ಸದ್ಯ ಗುಳಿಗೆ ಕೊಡ್ರಿ" ಅಂತಾರೆ. ಬೇಸಿಗೆಯಲ್ಲಿ ಬಹಳ ಮನೆಯವರು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಅರ್ಧ ಆದ ರೂಟ್ ಕೆನಾಲ್ ಹಾಗೇ ಉಳಿಯುತ್ತದೆ.

ಹೀಗಾಗಿ ನಮ್ಮ ಲೆಕ್ಕ ವರ್ಷದ್ದು. ತುಂಬಿದ ತಿಂಗಳಲ್ಲಿ ಬಂದದ್ದರಲ್ಲಿ ಒಂದು ಭಾಗ ಮಳೆಗಾಲಕ್ಕೆ ಅಂತ ತೆಗೆದಿಡುತ್ತೇವೆ. ಫೆಬ್ರವರಿಯ ಗಲ್ಲಾ ನೋಡಿ ಹೊಸ ಯಂತ್ರಕ್ಕೆ ಸಹಿ ಹಾಕಬಾರದು. ಮಾರಾಟಗಾರರು ಆಗಲೇ ಬರುತ್ತಾರೆ ಅನ್ನುವುದೂ ಸುಳ್ಳಲ್ಲ.

ದುಡಿಯಲು ಹೊರಗೆ ಹೋಗುವವರು ಅಂತ ಗೊತ್ತಾದರೆ ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಯುವ ಕೆಲಸ ಯಾವುದು, ಯಾವುದನ್ನು ಬಂದ ಮೇಲೆ ಮಾಡಬಹುದು ಅಂತ ಮೊದಲೇ ಹೇಳುತ್ತೇವೆ. ಹೊರಡುವ ತಾರೀಖು ಕೇಸ್ ಪೇಪರ್ ಮೇಲೆ ಬರೆದುಕೊಳ್ಳುತ್ತೇವೆ.

ಉದ್ರಿ ಪೂರ್ತಿ ನಿಲ್ಲಿಸಲು ನಮ್ಮ ಕಡೆ ಆಗುವುದಿಲ್ಲ. ಆದರೆ ಒಂದು ಪದ್ಧತಿ ಇಟ್ಟಿದ್ದೇವೆ. ಲ್ಯಾಬ್‌ಗೆ ಹೋಗುವ ಕೆಲಸಕ್ಕೆ ಅಳತೆ ತಗೊಳ್ಳುವ ದಿನವೇ ಲ್ಯಾಬ್ ಬಿಲ್ ಮುಟ್ಟುವಷ್ಟು ಮುಂಗಡ. ನಮ್ಮ ಕೂಲಿ ಬೇಕಾದರೆ ಎರಡು ಕಂತಲ್ಲಿ ಕೊಡಲಿ. ಬಾಕಿ ಪುಸ್ತಕ ಬೇರೆ, ಪ್ರತಿ ಶನಿವಾರ ಅದನ್ನು ತೆಗೆದು ನೋಡುವುದು ನನ್ನ ಕೆಲಸ. ರಂಜಾನ್ ತಿಂಗಳಲ್ಲಿ ಸಂಜೆ ಹೊತ್ತು ಮುಂದಕ್ಕೆ ಹಾಕುತ್ತೇವೆ, ಇಫ್ತಾರ್ ಆದ ಮೇಲೆ ಜನ ಬರುತ್ತಾರೆ. ಏಪ್ರಿಲ್, ಮೇ ಮಧ್ಯಾಹ್ನ ಬಿಸಿಲಿಗೆ ಯಾರೂ ಬರುವುದಿಲ್ಲ, ಆಗ ಬಾಗಿಲು ಹಾಕಿ ಬೆಳಿಗ್ಗೆ ಬೇಗ ತೆರೆಯುವುದು ಮೇಲು. ಎಸಿ ಕರೆಂಟ್ ಬಿಲ್ ಉಳಿಯುತ್ತದೆ.

ಲ್ಯಾಬ್ ಕೆಲಸದವ
ನಮ್ಮ ಕಡೆಯಿಂದಲೂ ಒಂದು ಮಾತು. ಶಹಾಪುರದವರು ಹೇಳಿದ ಹಾಗೆ ಮುಂಗಡ ತಗೊಳ್ಳುವವರ ಬಿಲ್ ನಮಗೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಉಳಿದವರದು ತಿಂಗಳುಗಟ್ಟಲೆ ನಿಲ್ಲುತ್ತದೆ. ಪೇಷಂಟ್ ಕೊಟ್ಟ ದುಡ್ಡು ಕ್ಲಿನಿಕ್‌ನಲ್ಲಿ ಬೇರೆ ಯಾವುದಕ್ಕೋ ಖರ್ಚಾಗಿರುತ್ತದೆ. ಬಾಕಿ ಬೆಳೆದ ಹಾಗೆ ಡಾಕ್ಟರ್ ಇನ್ನೊಂದು ಲ್ಯಾಬ್ ಹುಡುಕುತ್ತಾರೆ. ಹೊಸ ಲ್ಯಾಬ್‌ನವರಿಗೆ ಅವರ ಕೈಗುಣ, ಬಣ್ಣದ ಆಯ್ಕೆ ಗೊತ್ತಿರುವುದಿಲ್ಲ, ಕ್ಯಾಪ್ ಸರಿಯಾಗಿ ಕೂರುವುದಿಲ್ಲ, ತಿರುಗಿ ಮಾಡಬೇಕು. ತಿರುಗಿ ಮಾಡಿದ ಒಂದು ಕ್ಯಾಪ್‌ಗೆ ನಿಮ್ಮ ಚೇರ್ ಹೊತ್ತು ಎಷ್ಟು ಹೋಯಿತು ಅಂತ ಗಂಜ್ ಸರ್ ಲೆಕ್ಕದಲ್ಲಿ ಹಾಕಿ ನೋಡಿ.

ಹೈದರಾಬಾದ್, ಸೊಲ್ಲಾಪುರಕ್ಕೆ ಕಳಿಸುವವರು ಕೊರಿಯರ್ ಖರ್ಚು, ಬರುವ ದಿನ ಎರಡನ್ನೂ ರೇಟ್ ಹೇಳುವ ಮೊದಲೇ ಹಿಡಿಯಿರಿ.

ಅಸಿಸ್ಟೆಂಟ್ ಅಕ್ಕ, ಹುಮನಾಬಾದ್
ನಾನು ಹಲ್ಲಿನ ದವಾಖಾನೆಯಲ್ಲಿ ಅಸಿಸ್ಟೆಂಟ್. ಡಾಕ್ಟರ್ ಕೋರ್ಸ್‌ಗೆ ಹೋಗಿ ಬಂದು ಹೊಸ ಹೊಸ ಪದ್ಧತಿ ಹೇಳುತ್ತಾರೆ. ಆದರೆ ಫೋನ್ ಎತ್ತುವವರು ನಾವು. "ಹಲ್ಲು ಕೀಳಲು ಎಷ್ಟು?" ಅಂತ ಕೇಳಿದಾಗ ಏನು ಹೇಳಬೇಕು ಅಂತ ನಮಗೆ ಯಾರೂ ಹೇಳಿಕೊಡುವುದಿಲ್ಲ. ಕನ್ನಡ, ಉರ್ದು, ಮರಾಠಿ, ಮೂರೂ ಮಾತಾಡುವ ಒಬ್ಬ ಹುಡುಗಿ ಕೌಂಟರ್‌ನಲ್ಲಿ ಇದ್ದರೆ ಎಷ್ಟು ಪೇಷಂಟ್ ಉಳಿಯುತ್ತಾರೆ ಅಂತ ಡಾಕ್ಟರ್‌ಗಳು ಲೆಕ್ಕ ಹಾಕಬೇಕು.

ಮತ್ತೆ, ಕೆಲಸ ಕಲಿತ ಹುಡುಗಿ ಸಂಬಳ ಸಾಲದೆ ಬಿಟ್ಟು ಹೋದರೆ ಹೊಸಬರಿಗೆ ಕಲಿಸಲು ತಿಂಗಳುಗಳು ಬೇಕು. ಅಷ್ಟರಲ್ಲಿ ಎಷ್ಟು ಸಾಮಾನು ಹಾಳು! ನಮಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು 2016ರ ತ್ಯಾಜ್ಯ ನಿಯಮದಲ್ಲೇ ಇದೆ. ಅದನ್ನು ಬಜೆಟ್‌ನಲ್ಲಿ ಮೊದಲೇ ಬರೆಯಿರಿ ಮೇಡಂ. ಸೂಜಿ ಚುಚ್ಚಿಕೊಳ್ಳುವವರು ಹೆಚ್ಚಾಗಿ ನಾವೇ.

ಬೀದರ್ ಎಂಡಿಎಸ್
ಅಕ್ಕಾ, ನೂರಕ್ಕೆ ನೂರು ನಿಜ. ಸಿಬ್ಬಂದಿಗೆ ಕಲಿಸುವುದೂ ವ್ಯವಹಾರದ ಕಲಿಕೆಯೇ.

ಯಾದಗಿರಿ ಓದುಗ
ನಾನು ಪೇಷಂಟ್ ಕಡೆಯವನು. ನನ್ನ ತಾಯಿಗೆ ಹಲ್ಲಿನ ಕೆಲಸ ಮಾಡಿಸುವಾಗ ಒಂದು ಕಡೆ ಮೊದಲು ಒಂದು ರೇಟ್ ಹೇಳಿ, ಆಮೇಲೆ ಕ್ಯಾಪ್ ಬೇರೆ, ಎಕ್ಸ್‌ರೇ ಬೇರೆ ಅಂತ ಸೇರಿಸುತ್ತಾ ಹೋದರು. ಕೆಲಸ ಚೆನ್ನಾಗೇ ಆಯಿತು, ಆದರೆ ಮನಸ್ಸಿಗೆ ಕಸಿವಿಸಿ. ಇನ್ನೊಂದು ಕಡೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಈಗಲೇ ಆಗಬೇಕಾದ್ದು, ಆರು ತಿಂಗಳು ತಡೆಯಬಹುದಾದ್ದು, ಮಾಡಿಸದಿದ್ದರೆ ಏನಾಗಬಹುದು, ಎಲ್ಲದರ ಮುಂದೆ ದುಡ್ಡು. ರೇಟ್ ಸ್ವಲ್ಪ ಜಾಸ್ತಿಯೇ ಇತ್ತು. ಆದರೂ ನಾವು ಅಲ್ಲಿಗೇ ಹೋದೆವು. ನಮ್ಮ ಓಣಿಯವರನ್ನೂ ಕಳಿಸಿದೆವು.

ಹಳ್ಳಿಯಿಂದ ಬರುವವರಿಗೆ ಇನ್ನೊಂದು ಖರ್ಚು ಇದೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಆಗುತ್ತದೆ. "ನಾಳೆ ಬನ್ನಿ" ಅನ್ನುವ ಮೊದಲು ಅದನ್ನು ಯೋಚಿಸುವ ಡಾಕ್ಟರ್ ಮೇಲೆ ವಿಶ್ವಾಸ ತಾನಾಗೇ ಬರುತ್ತದೆ.

ಸೇಡಂ ಡೆಂಟಿಸ್ಟ್
ಎಲ್ಲರಿಗೂ ಧನ್ಯವಾದ. ಅಕ್ಕ ಹೇಳಿದ ಲಸಿಕೆ ಬರೆದುಕೊಂಡೆ. ಯಾದಗಿರಿ ಅಣ್ಣ ಹೇಳಿದ ಹಾಳೆಯ ಮಾದರಿ ಕನ್ನಡ, ಉರ್ದು ಎರಡರಲ್ಲೂ ತಯಾರಿಸುತ್ತೇನೆ. ಗುರುಮಠಕಲ್ ಕಡೆಯಿಂದ ಬರುವವರಿಗೆ ತೆಲುಗೂ ಬೇಕಾಗಬಹುದು.

ಗಂಜ್ ಸರ್, ನನ್ನ ಲೆಕ್ಕ ಹಾಕಿದೆ. ಬಾಡಿಗೆ 8,000, ಸಿಬ್ಬಂದಿ 14,000, ಕರೆಂಟ್ ಮತ್ತೆ ಇತರೆ 6,000, ಕಂತು 15,000, ರಿಪೇರಿ 4,000, ನನ್ನ ಸಂಬಳ 30,000. ಒಟ್ಟು 77,000. ತಿಂಗಳಿಗೆ 90 ಗಂಟೆ ತುಂಬಿದರೆ ಗಂಟೆಗೆ ಸುಮಾರು 855. ಆದರೆ ಹೊಸ ಕ್ಲಿನಿಕ್‌ಗೆ ಮೊದಲೇ 90 ಗಂಟೆ ಎಲ್ಲಿಂದ ಬರುತ್ತದೆ? 40 ಗಂಟೆ ಅಂತ ಹಾಕಿದರೆ 1,925 ಆಗುತ್ತದೆ. ಆ ಲೆಕ್ಕದಲ್ಲಿ ರೇಟ್ ಇಟ್ಟರೆ ಸೇಡಂನಲ್ಲಿ ಯಾರೂ ಬರುವುದಿಲ್ಲ. ಆಗ ಏನು ಮಾಡಬೇಕು? ಕಲಬುರಗಿಯಲ್ಲಿ ಡೆಂಟಲ್ ಕಾಲೇಜುಗಳು ಬೇರೆ ಇವೆ. ಅಲ್ಲಿ ಬಹಳ ಕಡಿಮೆ ದುಡ್ಡಿಗೆ ಆಗುತ್ತದೆ ಅಂತ ಜನ ಹೇಳುತ್ತಾರೆ. ಡಿಸ್ಕೌಂಟ್ ಕೊಟ್ಟು ಜನ ಸೇರಿಸಬೇಕಾ?

ಗಂಜ್ ಹಲ್ಲಿನ ಡಾಕ್ಟರ್
ತಂಗಿ, ನಿಮ್ಮ ಪ್ರಶ್ನೆಯಲ್ಲೇ ವ್ಯವಹಾರದ ಮುಖ್ಯ ಪಾಠ ಬಂದುಬಿಟ್ಟಿತು. ರೇಟ್‌ಗೆ 90 ಗಂಟೆಯ ಲೆಕ್ಕವನ್ನೇ ಹಿಡಿಯಿರಿ. 40 ಗಂಟೆಯ ತಿಂಗಳುಗಳಲ್ಲಿ ಬರುವ ಕೊರತೆಯನ್ನು ಪೇಷಂಟ್ ಮೇಲೆ ಹಾಕಲು ಆಗುವುದಿಲ್ಲ, ಅದು ಬಂಡವಾಳದಿಂದ ಬರಬೇಕು. ನಿಮ್ಮ ಸಂಬಳ ಬಿಟ್ಟು ತಿಂಗಳ ಖರ್ಚು 47,000. ಆರು ತಿಂಗಳಿಗೆ 2,82,000. ಇಷ್ಟು ಕೈಯಲ್ಲಿ ಇಟ್ಟುಕೊಂಡೇ ಬಾಗಿಲು ತೆರೆಯಿರಿ. ಅದಕ್ಕೆ ಚೇರ್ ಸ್ವಲ್ಪ ಕಡಿಮೆ ಬೆಲೆಯದ್ದು ಬಂದರೂ ಪರವಾಗಿಲ್ಲ. ಆಟೋಕ್ಲೇವ್‌ನಲ್ಲಿ ಮಾತ್ರ ರಾಜಿ ಬೇಡ.

ಮೊದಲ ಸಲ ತಗೊಳ್ಳುವವರಿಗೆ ಮುದ್ರಾ ಸಾಲ ಜಾಮೀನಿಲ್ಲದೆ 10 ಲಕ್ಷದವರೆಗೆ ಸಿಗುತ್ತದೆ. ಅರ್ಜಿ ಹಾಕುವಾಗ ಬರೀ ಯಂತ್ರದ ಕೊಟೇಶನ್ ಇಡಬೇಡಿ. ದಿನದ ಖರ್ಚಿನ ಬಂಡವಾಳವನ್ನೂ ಯೋಜನೆಯಲ್ಲಿ ಬರೆಯಿರಿ. ಬ್ಯಾಂಕ್‌ನವರ ಮುಂದೆ ನಿಮ್ಮ ಈ 77,000ದ ಲೆಕ್ಕ ಇಡಿ, ಮಾತಿನ ಧಾಟಿಯೇ ಬೇರೆ ಆಗುತ್ತದೆ.

ಡಿಸ್ಕೌಂಟ್ ಬೇಡ. 5,000ದ ಕೆಲಸದಲ್ಲಿ ಖರ್ಚು 4,000 ಇದ್ದರೆ ಉಳಿಯುವುದು 1,000. ಶೇ. 10 ಬಿಟ್ಟರೆ 500 ಹೋಯಿತು. ಪೇಷಂಟ್‌ಗೆ ಹತ್ತನೇ ಒಂದು ಭಾಗ, ನಿಮಗೆ ಅರ್ಧ. ಕೈಲಾಗದವರು ಬಂದರೆ ಪೂರ್ತಿ ಬಿಟ್ಟುಬಿಡಿ, ಅದು ನಿಮ್ಮ ಧರ್ಮ. ತಿಂಗಳಿಗೆ ಇಷ್ಟು ಗಂಟೆ ಅಂತ ಅದಕ್ಕೂ ಜಾಗ ಇಡಿ. ಚೌಕಾಸಿ ಮಾಡಿದವರಿಗೆಲ್ಲ ಬಿಡುತ್ತಾ ಹೋದರೆ, ಬಾಯಿ ಬಾರದ ಬಡವರೇ ಪೂರ್ತಿ ರೇಟ್ ಕೊಡುವವರಾಗುತ್ತಾರೆ.

ಕಾಲೇಜುಗಳ ಜೊತೆ ರೇಟ್‌ನಲ್ಲಿ ಹೋಲಿಸಿಕೊಳ್ಳಬೇಡಿ. ಎಚ್‌ಕೆಇ, ಅಲ್‌ಬದರ್, ಇಎಸ್‌ಐಸಿ ಇವೆ, ಬೀದರ್‌ನಲ್ಲಿ ಎಸ್.ಬಿ. ಪಾಟೀಲ ಕಾಲೇಜು ಇದೆ. ಅವು ಕಲಿಸುವ ಸಂಸ್ಥೆಗಳು, ಅಲ್ಲಿ ಕಡಿಮೆ ಇರಲೇಬೇಕು. ಬಿಪಿಎಲ್ ಕಾರ್ಡಿನ ಹಿರಿಯರು ಹಲ್ಲಿನ ಸೆಟ್‌ಗೆ ಬಂದರೆ ಉಚಿತವಾಗಿ ಸೆಟ್ ಕೊಡುವ ಸರ್ಕಾರದ ದಂತ ಭಾಗ್ಯ ಯೋಜನೆ ಬಗ್ಗೆ ಹೇಳಿ, ಕಾಲೇಜಿಗೆ ನೀವೇ ಚೀಟಿ ಬರೆದು ಕಳಿಸಿ. ಅವರ ಮನೆಯವರು ನಾಳೆ ನಿಮ್ಮ ಹತ್ತಿರವೇ ಬರುತ್ತಾರೆ. ಸೇಡಂನವರು ಕಲಬುರಗಿಗೆ ಹೋಗಿ ಬರಲು ಒಂದು ದಿನ ಹೋಗುತ್ತದೆ. ಊರಲ್ಲೇ, ಹೇಳಿದ ಹೊತ್ತಿಗೆ, ಬೇಗ ಮುಗಿಸಿಕೊಡುವುದೇ ನಿಮ್ಮ ಬಲ.

ನಮ್ಮ ನೀರಿನ ಗಡಸುತನ ಮರೆಯಬೇಡಿ. ಆಟೋಕ್ಲೇವ್‌ಗೆ ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ಹಲ್ಲು ಶುಚಿ ಮಾಡುವ ಸ್ಕೇಲರ್, ಕೊರೆಯುವ ಹ್ಯಾಂಡ್‌ಪೀಸ್ ಒಳಗೆ ಸುಣ್ಣ ಕಟ್ಟುತ್ತದೆ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್. ಇವು ದೊಡ್ಡ ಊರಿನ ಬಜೆಟ್ ಮಾದರಿಯಲ್ಲಿ ಇರುವುದಿಲ್ಲ.

ಶಹಾಪುರ ಜೋಡಿ ಕ್ಲಿನಿಕ್
ಕಾಗದಪತ್ರದ ಖರ್ಚೂ, ಹೊತ್ತೂ ಸೇರಿಸಿ ಮೇಡಂ. ರಾಜ್ಯ ದಂತ ಪರಿಷತ್ತಿನ ನೋಂದಣಿ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಕ್ಲಿನಿಕ್‌ಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲೆಯಲ್ಲಿ ನೋಂದಣಿ ಬೇಕು, ರೇಟ್ ಪಟ್ಟಿ ಕಾಣುವ ಹಾಗೆ ಹಾಕಬೇಕು. ಆ ಪಟ್ಟಿ ತಯಾರಿಸಲು ಈಗ ಹಾಕಿದ ಲೆಕ್ಕವೇ ಕೆಲಸಕ್ಕೆ ಬರುತ್ತದೆ. ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಒಯ್ಯುವವರ ಜೊತೆ ಒಪ್ಪಂದ. ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಆನ್‌ಲೈನ್ ವ್ಯವಸ್ಥೆ ಇ-ಲೋರಾದಲ್ಲಿ ನೋಂದಣಿ. ಯಂತ್ರ ಮಾರುವವರು "ಎಲ್ಲ ನಾವೇ ನೋಡ್ಕೊಳ್ತೀವಿ" ಅಂತಾರೆ. ಸರ್ಟಿಫಿಕೇಟ್ ಕೈಗೆ ಬರುವ ತನಕ ಕೊನೆಯ ಕಂತು ಹಿಡಿದಿಡಿ.

1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯಡಿ ಬರುತ್ತದೆ ಅಂತ ಹೇಳಿದೆ. ದುಡ್ಡು ತಗೊಂಡು ಚಿಕಿತ್ಸೆ ಕೊಡುವ ನಮಗೆ ಅದು ಅನ್ವಯ. ಕೇಸ್ ಪೇಪರ್, ಒಪ್ಪಿಗೆ ಪತ್ರ, ಎಕ್ಸ್‌ರೇ ಎಲ್ಲ ಕಾಪಾಡಿ. ಪೇಷಂಟ್ ಪರಿಹಾರ ಕೇಳಿದರೆ ನೆರವಾಗುವ ಇಂಡೆಮ್ನಿಟಿ ವಿಮೆ ಮೊದಲ ವರ್ಷದಿಂದಲೇ ಇರಲಿ.

ಇಂಟರ್ನ್ ಕಲಬುರಗಿ
ಹಾಗಾದರೆ ಕೋರ್ಸ್ ಬೇಡವೇ ಬೇಡ ಅಂತೀರಾ?

ಬೀದರ್ ಎಂಡಿಎಸ್
ಬೇಡ ಅಂತಲ್ಲ ತಮ್ಮಾ, ಕ್ರಮ ಬೇಕು. ದೂರಶಿಕ್ಷಣದ ಎಂಬಿಎ ದೊಡ್ಡ ಆಸ್ಪತ್ರೆಯ ಆಡಳಿತಕ್ಕೆ ಹೋಗುವವರಿಗೆ ಸರಿ. ಒಂದು ಚೇರ್ ಕ್ಲಿನಿಕ್‌ಗೆ ಮೊದಲು ಬೇಕಾದ್ದು ಬುಕ್‌ಕೀಪಿಂಗ್. ಸರ್ಕಾರದ ‘ಸ್ವಯಂ’ ಅನ್ನುವ ಆನ್‌ಲೈನ್ ಪಾಠಗಳ ವೇದಿಕೆಯಲ್ಲಿ ಐಐಎಂ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಪಾಠಗಳು ಇವೆ. ಕೇಳಲು ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇಂಗ್ಲಿಷ್‌ನಲ್ಲಿವೆ, ಉದಾಹರಣೆಗಳು ಕಂಪನಿಗಳದ್ದು. ಆದರೂ ಲಾಭ-ನಷ್ಟದ ಪಟ್ಟಿ ಓದುವುದು ಬರುತ್ತದೆ.

ದುಡ್ಡು ಕೊಟ್ಟು ಸೇರುವ ಕೋರ್ಸ್ ಆದರೆ ಮೊದಲು ಈ ಪ್ರಶ್ನೆ ಕೇಳು. ನನ್ನ ಕ್ಲಿನಿಕ್‌ನ ಅಂಕಿ ತಂದರೆ ಅದರ ಮೇಲೆ ಕೂತು ಲೆಕ್ಕ ಮಾಡಿಸುತ್ತೀರಾ? ಹೌದು ಅಂದರೆ ಯೋಚಿಸು. ವೇದಿಕೆ ಮೇಲೆ ನಿಂತು ತಿಂಗಳಿಗೆ ಇಷ್ಟು ಲಕ್ಷ ಗಳಿಸಿದೆ ಅನ್ನುವವರ ಹತ್ತಿರ ಹೋಗಬೇಡ. ಒಂದು ವರ್ಷ ಕ್ಲಿನಿಕ್ ನಡೆಸಿ, ಪುಸ್ತಕ ಇಟ್ಟುಕೊಂಡು, ಆಮೇಲೆ ಹೋದರೆ ಏನು ಕೇಳಬೇಕು ಅಂತಲಾದರೂ ಗೊತ್ತಿರುತ್ತದೆ.

ಡೆಂಟಿಸ್ಟ್‌ಗಳ ಮುಂದುವರಿದ ಕಲಿಕೆಯ (ಸಿಡಿಇ) ಕಾರ್ಯಕ್ರಮಗಳಲ್ಲೂ ಇಂಪ್ಲಾಂಟ್, ಅಲೈನರ್ ಜೊತೆಗೆ ವರ್ಷಕ್ಕೊಮ್ಮೆ ಕ್ಲಿನಿಕ್ ಲೆಕ್ಕದ ಪಾಠ ಇಡಲಿ ಅಂತ ನಮ್ಮ ದಂತವೈದ್ಯರ ಸಂಘದ (ಐಡಿಎ) ಶಾಖೆಯವರನ್ನು ಕೇಳುವ ಮನಸ್ಸಿದೆ. ಡಾಕ್ಟರ್ ಒಬ್ಬರು, ಲೆಕ್ಕ ಬರೆಯುವವರು ಒಬ್ಬರು, ಲ್ಯಾಬ್‌ನವರು ಒಬ್ಬರು, ಸಾಕು.

ನಿವೃತ್ತ ಮೇಷ್ಟ್ರು (ಸಾರ್ವಜನಿಕ ದಂತ ಆರೋಗ್ಯ)
ಅದಕ್ಕೆ ನಾನೂ ಬರುತ್ತೇನೆ. ಜೊತೆಗೆ ಒಂದು ಸಲಹೆ. ಇಂಟರ್ನ್‌ಶಿಪ್‌ನಲ್ಲಿ ನಮ್ಮ ವಿಭಾಗಕ್ಕೆ ಪೋಸ್ಟಿಂಗ್ ಇರುತ್ತದೆ. ಆಗ ಪ್ರತಿಯೊಬ್ಬರೂ ತಮ್ಮ ಊರಲ್ಲಿ ಕ್ಲಿನಿಕ್ ಹಾಕಿದರೆ ಗಂಟೆಗೆ ಎಷ್ಟು ಖರ್ಚು ಅಂತ ವರದಿ ಬರೆಯಲಿ. ಬಾಡಿಗೆ ಕೇಳಿ ಬರಲಿ, ಲ್ಯಾಬ್ ರೇಟ್ ಕೇಳಿ ಬರಲಿ. ಪಠ್ಯದಲ್ಲಿ ಜಾಗ ಇದ್ದೇ ಇದೆ, ಹೊಸ ಅನುಮತಿ ಏನೂ ಬೇಕಿಲ್ಲ. ವಿಭಾಗದಲ್ಲಿ ಈಗ ಇರುವವರು ನನ್ನ ವಿದ್ಯಾರ್ಥಿಗಳೇ. ಈ ವಾರ ಮಾತಾಡುತ್ತೇನೆ.

ಇಂಟರ್ನ್ ಕಲಬುರಗಿ
ಸರ್, ನಾನು ಅಫಜಲಪುರದ ಲೆಕ್ಕ ಮಾಡುತ್ತೇನೆ. ನನ್ನ ಬ್ಯಾಚ್‌ನಲ್ಲಿ ಆಳಂದ, ಭಾಲ್ಕಿ, ಸುರಪುರದವರು ಇದ್ದಾರೆ, ಅವರನ್ನೂ ಸೇರಿಸುತ್ತೇನೆ.

ಸೇಡಂ ಡೆಂಟಿಸ್ಟ್
ವಾರಾಂತ್ಯದ ಕೋರ್ಸ್ ಸದ್ಯಕ್ಕೆ ಬಿಟ್ಟೆ. ಕ್ಲಿನಿಕ್ ಖಾತೆಗೆ ಬ್ಯಾಂಕ್‌ನಲ್ಲಿ ಅರ್ಜಿ ಹಾಕುತ್ತಿದ್ದೇನೆ. ಲೆಕ್ಕಪತ್ರ ಸರ್, ದಿನದ ವಸೂಲಿ ಬರೆಯಲು ಸಾಫ್ಟ್‌ವೇರ್ ತಗೋಬೇಕಾ, ಪುಸ್ತಕ ಸಾಕಾ?

ಲೆಕ್ಕಪತ್ರ ಕೋರ್ಟ್ ರಸ್ತೆ
ಮೊದಲಿಗೆ ಕಂಪ್ಯೂಟರ್‌ನಲ್ಲಿ ಒಂದು ಎಕ್ಸೆಲ್ ಹಾಳೆ ಸಾಕು ಮೇಡಂ. ತಾರೀಖು, ಕೇಸ್ ನಂಬರ್, ಮಾಡಿದ ಕೆಲಸ, ಚೇರ್‌ನಲ್ಲಿ ಹಿಡಿದ ನಿಮಿಷ, ಬಂದ ದುಡ್ಡು ನಗದೋ ಯುಪಿಐಯೋ, ಬಾಕಿ, ಲ್ಯಾಬ್ ಬಿಲ್. ಏಳೇ ಕಾಲಂ. ನಿಮಿಷದ ಕಾಲಂ ಬಿಡಬೇಡಿ, ಅದನ್ನೇ ಎಲ್ಲರೂ ಬಿಡುವುದು. ಮೂರು ತಿಂಗಳು ಬರೆದು ತನ್ನಿ, ರೇಟ್ ಪಟ್ಟಿಯನ್ನು ಮತ್ತೊಮ್ಮೆ ಕೂತು ನೋಡೋಣ.